ಮೈಲಿ ಎತ್ತರದ ಊರಿನಲ್ಲಿ 1970ರ ನೋವಾ: 350 ತೆಗೆದು 5.3 ಕೂರಿಸಿದ ಮೇಲಿನ ಆರು ವರ್ಷ

ಕೊಲರಾಡೊದ ಡೆನ್ವರ್‌ಗೆ ಅಂಟಿಕೊಂಡಿರುವ ಅರೋರಾದಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲಿ 1970ರ ಷೆವರ್ಲೆ ನೋವಾ ಇದೆ. ಈ ಒಂದೇ ಕಾರಿಗೆ ನಾನು ಎರಡು ಸಲ ಬೇರೆ ಎಂಜಿನ್ ಆಯ್ದುಕೊಳ್ಳಬೇಕಾಯಿತು. ಮೊದಲ ಆಯ್ಕೆ ಮೂರು ವರ್ಷ ಉಳಿಯಿತು, ಎರಡನೆಯದಕ್ಕೆ ಈಗ ಆರು ವರ್ಷ ತುಂಬಿ 27,000 ಮೈಲಿ ಓಡಿದೆ. ಈ ವಿಮರ್ಶೆ ಮುಖ್ಯವಾಗಿ ಎರಡನೆಯದರ ಬಗ್ಗೆ, ಅಂದರೆ 1999ರಿಂದ 2007ರವರೆಗೆ ಜನರಲ್ ಮೋಟರ್ಸ್‌ನ ಟ್ರಕ್ಕುಗಳಲ್ಲಿ ಬಂದ 5.3 ಲೀಟರಿನ ಎಲ್‌ಎಂ7 ಎಂಬ ವಿ8 ಎಂಜಿನ್ ಬಗ್ಗೆ. ಆದರೆ ಮೊದಲನೆಯದನ್ನು ಬಿಟ್ಟದ್ದೇಕೆ ಎಂಬುದನ್ನು ಹೇಳದೆ ಇದರ ಗುಣದೋಷ ಹೇಳಿದರೆ ಅರ್ಧ ಮಾತಾಗುತ್ತದೆ.

ಕಾರು ನನ್ನ ಕೈಗೆ ಬಂದಾಗ ಅದರಲ್ಲಿದ್ದದ್ದು ಕಾರ್ಖಾನೆಯಿಂದಲೇ ಬಂದ 307 ಘನ ಇಂಚಿನ ವಿ8 ಮತ್ತು ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದು ಸಂಗ್ರಹಕಾರರು ಹುಡುಕಿಕೊಂಡು ಬರುವ ಜೋಡಿಯಲ್ಲ. ಆದ್ದರಿಂದ ಅದನ್ನು ಬದಲಿಸುವಾಗ ನನಗೆ ಯಾವ ಅಳುಕೂ ಇರಲಿಲ್ಲ. ನಿಮ್ಮದು ಕಾರ್ಖಾನೆಯ 396 ಎಂಜಿನ್ ಇರುವ ಎಸ್‌ಎಸ್ ನೋವಾ, ಅಂದರೆ ನೋವಾದ ಬಲಿಷ್ಠ ಮಾದರಿ, ಆಗಿದ್ದು, ಎಂಜಿನ್ ಮೇಲಿನ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದುತ್ತಿದ್ದರೆ, ದಯವಿಟ್ಟು ಇಲ್ಲಿಗೇ ಓದುವುದನ್ನು ನಿಲ್ಲಿಸಿ ಅದನ್ನು ಇದ್ದಂತೆಯೇ ರಿಪೇರಿ ಮಾಡಿಸಿ.

ಮೊದಲ ಸಲ ನಾನು ಎಲ್ಲರೂ ಹೇಳುವ ದಾರಿಯನ್ನೇ ಹಿಡಿದೆ: ಹೊಸದಾಗಿ ಕಟ್ಟಿಸಿದ 350 ಘನ ಇಂಚಿನ ವಿ8, ಗಾಳಿಗೆ ಪೆಟ್ರೋಲು ಬೆರೆಸಿಕೊಡುವ ನಾಲ್ಕು ಬ್ಯಾರೆಲ್‌ನ 600 ಸಿಎಫ್‌ಎಂ (ನಿಮಿಷಕ್ಕೆ 600 ಘನ ಅಡಿ ಗಾಳಿಯ) ಕಾರ್ಬ್ಯುರೇಟರ್, ಮೂರು ಗೇರಿನ ಟರ್ಬೊ 350 ಆಟೊಮ್ಯಾಟಿಕ್. ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಬ ಈ ವಿ8 ಕುಟುಂಬ 1955ರಲ್ಲಿ 265 ಘನ ಇಂಚಿನೊಂದಿಗೆ ಶುರುವಾಗಿ, 283, 327 ದಾಟಿ 1967ರ ಕಮಾರೊದಲ್ಲಿ 350 ಆಯಿತು. ಇದರ ಬಿಡಿಭಾಗ ಸಿಗದ ಊರು ಅಮೆರಿಕದಲ್ಲಿಲ್ಲ ಎನ್ನುವಷ್ಟು ಸಾಮಾನ್ಯವಾದ ಎಂಜಿನ್ ಇದು. ನೋವಾದ ಮೌಂಟುಗಳ ಮೇಲೆ ಸಲೀಸಾಗಿ ಕೂತುಕೊಂಡಿತು. ಒಂದು ವಾರಾಂತ್ಯದಲ್ಲಿ ಇಳಿಸಿ, ಮುಂದಿನ ವಾರಾಂತ್ಯಕ್ಕೆ ಓಡಿಸಿದೆ. ಬಾನೆಟ್ ತೆರೆದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತಿತ್ತು, ಒಂದು ಸ್ಕ್ರೂಡ್ರೈವರ್ ಮತ್ತು ಟೈಮಿಂಗ್ ಲೈಟ್ ಇದ್ದರೆ ಸಾಕಾಗುತ್ತಿತ್ತು. ಆ ಸರಳತೆಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ತೊಂದರೆ ಇದ್ದದ್ದು ನಮ್ಮ ಊರಿನ ಎತ್ತರದಲ್ಲಿ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ, ಸರಿಯಾಗಿ ಒಂದು ಮೈಲಿ ಮೇಲಿದೆ. ಇಂಟರ್‌ಸ್ಟೇಟ್ 70ರಲ್ಲಿ ಪಶ್ಚಿಮಕ್ಕೆ ಹೊರಟರೆ ಒಂದು ಗಂಟೆಯ ಆಸುಪಾಸಿನಲ್ಲಿ ಐಸೆನ್‌ಹೋವರ್ ಸುರಂಗ ಬರುತ್ತದೆ, ಅಲ್ಲಿ ಎತ್ತರ 11,000 ಅಡಿಗೂ ಹೆಚ್ಚು, ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗ ಮಾತ್ರ. ಕಾರ್ಬ್ಯುರೇಟರಿಗೆ ಗಾಳಿ ತೆಳುವಾದದ್ದು ತಾನಾಗಿ ತಿಳಿಯುವುದಿಲ್ಲ. ಅದರ ಜೆಟ್‌ಗಳು (ಪೆಟ್ರೋಲು ಹರಿಯುವ ಸಣ್ಣ ರಂಧ್ರಗಳು) ಮನೆಯ ಎತ್ತರಕ್ಕೆ ಸರಿಹೊಂದಿದ್ದರೆ, ಸುರಂಗದ ಬಳಿ ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾಗಿ ಎಂಜಿನ್ ಏದುಸಿರು ಬಿಡುತ್ತದೆ, ಹಿಂದೆ ಕಪ್ಪು ಹೊಗೆ ಕಾಣುತ್ತದೆ; ಬೆಟ್ಟಕ್ಕೆಂದು ಸಣ್ಣ ಜೆಟ್ ಹಾಕಿದರೆ ಕೆಳಗಿಳಿದ ಮೇಲೆ ಪೆಟ್ರೋಲು ಸಾಲದೆ ಬಿಸಿಯಾಗುತ್ತದೆ. ಜೊತೆಗೆ ಜುಲೈ ತಿಂಗಳ ಬಿಸಿಲಿನಲ್ಲಿ, ಏರಿನ ಮೇಲೆ ವಾಹನಗಳು ಸಾಲುಗಟ್ಟಿ ನಿಂತಾಗ, ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಎಂಜಿನ್ ನಿಂತುಹೋಗುತ್ತಿತ್ತು. ಚಿಕ್ಕಂದಿನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಅಪ್ಪಯ್ಯ ಅಂಬಾಸಿಡರಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ನಮ್ಮನ್ನೆಲ್ಲ ಕೆಳಗಿಳಿಸಿ ಮರದ ನೆರಳಿನಲ್ಲಿ ಕೂರಿಸುತ್ತಿದ್ದರು. ಅದನ್ನೇ ನಾನು ರಾಕಿ ಪರ್ವತದ ಹೆದ್ದಾರಿಯ ಅಂಚಿನಲ್ಲಿ ಟವೆಲ್ ಹಿಡಿದು ಮಾಡುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಮಗಳಿಗೆ ಮಸಲ್ ಕಾರಿನ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು.

350 ಕೊನೆಗೆ ಕೆಟ್ಟದ್ದು ಮಾತ್ರ ಸಂಪೂರ್ಣ ನನ್ನ ತಪ್ಪಿನಿಂದ. ಅದರ ಕ್ಯಾಮ್‌ಶಾಫ್ಟ್, ಅಂದರೆ ತನ್ನ ಉಬ್ಬುಗಳಿಂದ ಲಿಫ್ಟರುಗಳನ್ನು ಎತ್ತಿ ವಾಲ್ವುಗಳನ್ನು ತೆರೆಸುವ ದಂಡ, ಹಳೆಯ ಕಾಲದ ಫ್ಲಾಟ್ ಟ್ಯಾಪೆಟ್ ಬಗೆಯದು. ಕ್ಯಾಮ್ ಮತ್ತು ಲಿಫ್ಟರ್ ಒಂದರ ಮೇಲೊಂದು ಉಜ್ಜಿಕೊಂಡೇ ಓಡುವುದರಿಂದ ಆಯಿಲ್‌ನಲ್ಲಿ ಸತು ಮತ್ತು ರಂಜಕದ ಸೇರ್ಪಡೆ ಸಾಕಷ್ಟಿರಬೇಕು. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಸಾಮಾನ್ಯ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಇದು ಗೊತ್ತಿದ್ದೂ ನಾನು ಎರಡು ಸಲ ಮನೆಯ ಇನ್ನೊಂದು ಕಾರಿಗೆ ತಂದ ಆಯಿಲನ್ನೇ ಸುರಿದೆ. ಮೂರನೆಯ ವರ್ಷ ಒಂದು ಸಿಲಿಂಡರ್ ಸರಿಯಾಗಿ ಉರಿಯದಾದಾಗ ಬಿಚ್ಚಿ ನೋಡಿದರೆ, ಕ್ಯಾಮಿನ ಒಂದು ಉಬ್ಬು ಸವೆದು ದುಂಡಗಾಗಿತ್ತು.

ಎರಡನೆಯ ಆಯ್ಕೆಗೆ ಕೂತಾಗ ಎದುರಿಗೆ ಮೂರು ದಾರಿಗಳಿದ್ದವು. ದೊಡ್ಡ ಬ್ಲಾಕಿನ 454 ಅನ್ನು ಮೂತಿಯ ಮೇಲಿನ ತೂಕದ ಕಾರಣಕ್ಕೆ ಮೊದಲೇ ಕೈಬಿಟ್ಟೆ. ಎರಡನೆಯದು 2008ರ ಕಾರ್ವೆಟ್‌ನಲ್ಲಿ ಬಂದ 6.2 ಲೀಟರಿನ ಎಲ್‌ಎಸ್3, 430 ಅಶ್ವಶಕ್ತಿಯದು. ಆಸೆ ಇತ್ತು, ಆದರೆ ಅಷ್ಟು ಶಕ್ತಿಯನ್ನು ತಾಳಲು ನನ್ನ ಕಾರಿನ ಹಿಂದಿನ ಆಕ್ಸಲ್, ಬ್ರೇಕು, ಗೇರ್‌ಬಾಕ್ಸ್ ಎಲ್ಲವನ್ನೂ ಬದಲಿಸಬೇಕಿತ್ತು. ಮೂರನೆಯದೇ ಎಲ್‌ಎಂ7. 2002ರ ಸಿಲ್ವರಾಡೊ ಟ್ರಕ್ಕಿನಿಂದ ಬಿಚ್ಚಿದ್ದು, ಗುಜರಿಯಲ್ಲಿ ಗೇರ್‌ಬಾಕ್ಸ್, ಕಂಪ್ಯೂಟರ್ ಮತ್ತು ವೈರಿಂಗ್ ಸಮೇತ 1,100 ಡಾಲರಿಗೆ ಸಿಕ್ಕಿತು. ವರ್ಷವನ್ನು ನೋಡಿಯೇ ಆರಿಸಿದೆ: ಇದರ ಥ್ರಾಟಲ್ ಕೇಬಲ್ಲಿನಿಂದಲೇ ತೆರೆಯುತ್ತದೆ, ಹಳೆಯ ಕಾರಿನ ಪೆಡಲಿಗೆ ಜೋಡಿಸಲು ಅದು ಸುಲಭ, ಮುಂದಿನ ತಲೆಮಾರಿನ ಹಲವು 5.3 ಎಂಜಿನ್‌ಗಳಲ್ಲಿರುವ, ಅರ್ಧ ಸಿಲಿಂಡರುಗಳನ್ನು ಮಲಗಿಸಿ ಪೆಟ್ರೋಲು ಉಳಿಸುವ ವ್ಯವಸ್ಥೆ ಇದರಲ್ಲಿಲ್ಲ. ಆ ವ್ಯವಸ್ಥೆಯ ಲಿಫ್ಟರುಗಳು ಕೈಕೊಡುತ್ತವೆ ಎಂಬುದು ಮೆಕ್ಯಾನಿಕ್‌ಗಳೆಲ್ಲ ಬಲ್ಲ ಸಂಗತಿ.

ಕಾಗದದ ಮೇಲೆ ಇದರ ಶಕ್ತಿ 285 ಅಶ್ವಶಕ್ತಿ. 1970ರ ನೋವಾ ಎಸ್‌ಎಸ್‌ನ 350ಕ್ಕೆ 300 ಎಂದು ಬರೆದಿದ್ದರಲ್ಲ, ಇದು ಕಡಿಮೆಯಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಆಗಿನ ಸಂಖ್ಯೆ ಗ್ರಾಸ್ ಲೆಕ್ಕದ್ದು: ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಏರ್ ಫಿಲ್ಟರ್, ಸೈಲೆನ್ಸರ್ ಮೊದಲಾದ ಹೊರೆಗಳಿಲ್ಲದೆ ಅಳೆದದ್ದು. 1972ರಿಂದ ಕಾರಿನಲ್ಲಿ ಕೂರಿಸಿದಂತೆಯೇ ಎಲ್ಲ ಹೊರೆಗಳೊಂದಿಗೆ ಅಳೆಯುವ ನೆಟ್ ಲೆಕ್ಕ ಬಂತು. 5.3 ಲೀಟರ್ ಎಂದರೆ ಸುಮಾರು 325 ಘನ ಇಂಚು; 25 ಘನ ಇಂಚು ಚಿಕ್ಕದಾದ ಈ ಟ್ರಕ್ ಎಂಜಿನ್ ನನ್ನ ಹಳೆಯ 350ಕ್ಕಿಂತ ಬಲವಾಗಿ ಎಳೆಯುತ್ತದೆ ಎಂಬುದು ಮೊದಲ ದಿನವೇ ಗೊತ್ತಾಯಿತು.

ಈಗ ಖರ್ಚಿನ ಮಾತು. 1955ರಿಂದ ಸಿಲಿಂಡರುಗಳ ನಡುವಿನ ಅಂತರ 4.40 ಇಂಚು ಉಳಿದುಕೊಂಡು ಬಂದಿದೆ ಎಂಬುದನ್ನು ಬಿಟ್ಟರೆ, ಹಳೆಯ ಸ್ಮಾಲ್ ಬ್ಲಾಕಿಗೂ ಇದಕ್ಕೂ ಹೆಚ್ಚಿನ ನೆಂಟಸ್ತಿಕೆ ಇಲ್ಲ. ಮೌಂಟಿಗೆ ಅಡಾಪ್ಟರ್ ಪ್ಲೇಟು ಬೇಕು. ಟ್ರಕ್ಕಿನ ಆಯಿಲ್ ಪ್ಯಾನ್ ಆಳವಾಗಿದ್ದು ಕೆಳಗೆ ಜೋತುಬೀಳುತ್ತದೆ, ಬೇರೆಯದು ಕೊಳ್ಳಬೇಕು. ಎ.ಸಿ. ಕಂಪ್ರೆಸರ್ ಬಲಬದಿಯ ಕೆಳಗಿದ್ದು ಫ್ರೇಮಿಗೆ ತಾಗುತ್ತದೆ, ಅದನ್ನು ಮೇಲಕ್ಕೆ ಒಯ್ಯಬೇಕು. ಎಲ್ಲಕ್ಕಿಂತ ದೊಡ್ಡ ಖರ್ಚು ಪೆಟ್ರೋಲಿನದು: ಕಾರ್ಬ್ಯುರೇಟರಿಗೆ ಐದಾರು ಪಿಎಸ್‌ಐ ಒತ್ತಡ ಸಾಕಾಗಿದ್ದರೆ ಇದಕ್ಕೆ ಸುಮಾರು 58 ಬೇಕು. ಆದ್ದರಿಂದ ಒಳಗೇ ಪಂಪಿರುವ ಹೊಸ ಟ್ಯಾಂಕು, ಹೊಸ ಪೈಪು, ಹೊಸ ಫಿಲ್ಟರ್. ವೈರಿಂಗ್ ಬಿಡಿಸಿ ಬೇಡದ್ದನ್ನು ತೆಗೆಯಲು ನಾಲ್ಕು ರಾತ್ರಿ ಕೂತು, ಸೋತು, ಕೊನೆಗೆ ಸಿದ್ಧಪಡಿಸಿದ ಹಾರ್ನೆಸ್ (ವೈರುಗಳ ಕಟ್ಟು) ತರಿಸಿದೆ. ಹೆಡರ್ ಎಂಬ ಹೊಗೆ ಕೊಳವೆಗಳು, ರೇಡಿಯೇಟರ್, ಕಂಪ್ಯೂಟರ್ ಹೊಂದಿಸಿದವರ ಕೂಲಿ ಎಲ್ಲ ಸೇರಿ 5,600 ಡಾಲರ್ ಆಯಿತು. ಎಂಜಿನ್ನಿನ ಬೆಲೆಯ ಐದು ಪಟ್ಟು ಅದರ ಸುತ್ತಲಿನ ಸಾಮಾನಿಗೆ! ಟ್ರಕ್ ಎಂಜಿನ್ ಅಗ್ಗ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ನೆನಪಿಡಿ.

ಕೂರಿಸುವಾಗ ಮಾಡಿಕೊಂಡ ಒಂದು ಎಡವಟ್ಟನ್ನೂ ಹೇಳಬೇಕು. ಆಯಿಲ್ ಪ್ಯಾನ್ ಬದಲಿಸುವಾಗ ಆಯಿಲ್ ಹೀರುವ ಕೊಳವೆ ಪಂಪಿಗೆ ಸೇರುವ ಕಡೆ ಒಂದು ಚಿಕ್ಕ ಓ-ರಿಂಗ್ ಇರುತ್ತದೆ. ಅದನ್ನು ಒಣಗಿದ್ದಂತೆಯೇ ಒತ್ತಿ ಕೂರಿಸಿದ್ದರಿಂದ ಅಂಚು ಕತ್ತರಿಸಿತು. ಪಂಪು ಆಯಿಲ್ ಜೊತೆ ಗಾಳಿಯನ್ನೂ ಹೀರತೊಡಗಿ, ಬಿಸಿಯಾದಾಗ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಆಯಿಲ್ ಒತ್ತಡದ ಮುಳ್ಳು ನೆಲ ಕಚ್ಚುತ್ತಿತ್ತು. ಹತ್ತು ಡಾಲರ್ ಕೂಡ ಬೆಲೆ ಇಲ್ಲದ ರಿಂಗಿಗಾಗಿ ಎಂಜಿನ್ನನ್ನು ಮತ್ತೆ ಎತ್ತಿ ಪ್ಯಾನ್ ಇಳಿಸಬೇಕಾಯಿತು. ಆಯಿಲ್ ಸವರಿ ಕೂರಿಸಿ, ಗಡಿಬಿಡಿ ಮಾಡಬೇಡಿ.

ಅಲ್ಲಿಂದೀಚೆಗೆ ಇದು ನನಗೆ ಕೊಟ್ಟ ನೆಮ್ಮದಿಯಲ್ಲಿ ಅರ್ಧ ಪಾಲು ನಾಲ್ಕನೆಯ ಗೇರಿನದು. ಹಳೆಯ ಟರ್ಬೊ 350ರಲ್ಲಿ ಕೊನೆಯ ಗೇರು ನೇರ ಒಂದಕ್ಕೊಂದು, 3.36 ಅನುಪಾತದ ಹಿಂದಿನ ಆಕ್ಸಲ್ ಮತ್ತು 26 ಇಂಚಿನ ಟೈರಿನೊಂದಿಗೆ ಗಂಟೆಗೆ 70 ಮೈಲಿಯಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ದಾಟುತ್ತಿತ್ತು, ಪಕ್ಕದವರೊಡನೆ ಕೂಗಿ ಮಾತಾಡಬೇಕಿತ್ತು. ಟ್ರಕ್ಕಿನ ಜೊತೆ ಬಂದ 4ಎಲ್60ಇ ಗೇರ್‌ಬಾಕ್ಸಿನ ಓವರ್‌ಡ್ರೈವ್, ಅಂದರೆ ಎಂಜಿನ್ ನಿಧಾನವಾಗಿ ತಿರುಗಿದರೂ ವೇಗ ಉಳಿಸುವ ಆ ನಾಲ್ಕನೆಯ ಗೇರು, 0.70. ಅದೇ ಆಕ್ಸಲ್, ಅದೇ ವೇಗ, ಸುತ್ತು ಮಾತ್ರ 2,130ರ ಆಸುಪಾಸು. ಹೆದ್ದಾರಿಯಲ್ಲಿ ಮೊದಲು ಗ್ಯಾಲನ್ನಿಗೆ 13 ಮೈಲಿ ಬಂದರೆ ಹೆಚ್ಚು, ಈಗ 20 ಬರುತ್ತಿದೆ. ಗೇರ್‌ಬಾಕ್ಸ್ ಬದಲಿಸದೆ ಎಂಜಿನ್ ಮಾತ್ರ ಬದಲಿಸುವ ಯೋಚನೆ ಇದ್ದವರಿಗೆ ನನ್ನ ಸಲಹೆ ನೇರವಾದದ್ದು: ಹಣ ಕಡಿಮೆ ಇದ್ದರೆ ಎಂಜಿನ್ ಹಳೆಯದೇ ಇರಲಿ, ಓವರ್‌ಡ್ರೈವ್ ಮೊದಲು ಹಾಕಿಸಿ.

ಎತ್ತರದ ಸಮಸ್ಯೆ ಹೇಳಹೆಸರಿಲ್ಲದಂತೆ ಮಾಯವಾಯಿತು. ತೆಳು ಗಾಳಿಯಲ್ಲಿ ಶಕ್ತಿ ಕಡಿಮೆಯಾಗುವುದು ಇದಕ್ಕೂ ತಪ್ಪಿದ್ದಲ್ಲ, ಆದರೆ ಸೆನ್ಸರುಗಳು ಗಾಳಿಯನ್ನು ಅಳೆದು ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸುವುದರಿಂದ 11,990 ಅಡಿಯ ಲವ್‌ಲ್ಯಾಂಡ್ ಪಾಸ್‌ನ ತುದಿಯಲ್ಲೂ ಐಡಲ್ ನಮ್ಮ ಬೀದಿಯಲ್ಲಿದ್ದಷ್ಟೇ ಸ್ಥಿರವಾಗಿರುತ್ತದೆ. ಚಳಿಗಾಲದಲ್ಲಿ ಎರಡು ತಿಂಗಳು ನಿಂತ ಕಾರು ಕೀಲಿ ತಿರುಗಿಸಿದ ಕೂಡಲೇ ಏಳುತ್ತದೆ.

ಕೊರತೆಗಳಿವೆ. ಎಂಟು ಸಿಲಿಂಡರಿಗೆ ಕಿಡಿ ಕೊಡುವ ಎಂಟು ಕಾಯಿಲ್, ಮೇಲೆ ಗಾಳಿ ಒಳಗೊಯ್ಯುವ ಕಪ್ಪು ಪ್ಲಾಸ್ಟಿಕ್ ಮ್ಯಾನಿಫೋಲ್ಡ್. ಬಾನೆಟ್ ತೆರೆದಾಗ ಕ್ರೋಮಿನ ಏರ್ ಕ್ಲೀನರ್ ನಿರೀಕ್ಷಿಸಿ ಬಂದವರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಸಿಲಿಂಡರುಗಳು ಉರಿಯುವ ಕ್ರಮವೇ ಬೇರೆಯಾದ್ದರಿಂದ ಹಳೆಯ ಸ್ಮಾಲ್ ಬ್ಲಾಕಿನ ಗುಡುಗು ಇದಕ್ಕಿಲ್ಲ, ಸದ್ದು ಸ್ವಲ್ಪ ನಯ. ಮ್ಯಾನಿಫೋಲ್ಡಿನ ಅಡಿಯಲ್ಲಿ ಹುದುಗಿರುವ, ಎಂಜಿನ್ ಬಡಿತವನ್ನು ಗುರುತಿಸುವ ನಾಕ್ ಸೆನ್ಸರುಗಳಿಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ನಾಲ್ಕನೆಯ ವರ್ಷ ನನ್ನದರಲ್ಲೂ ಹಾಗಾಗಿ ಎರಡನ್ನೂ ಬದಲಿಸಿದೆ. ಕಬ್ಬಿಣದ ಬ್ಲಾಕ್ ಆದ್ದರಿಂದ, ಇದೇ ಕುಟುಂಬದ ಅಲ್ಯೂಮಿನಿಯಂ ಬ್ಲಾಕಿನ ಎಲ್‌ಎಸ್1 ಎಂಜಿನ್‌ಗಿಂತ 80ರಿಂದ 100 ಪೌಂಡ್ ಹೆಚ್ಚು ತೂಕ. ಅದು ನನಗೇನೂ ತೊಡಕೆನಿಸಿಲ್ಲ.

ಬಿಚ್ಚಿದ 350ಕ್ಕೆ ಹೊಸ ರೋಲರ್ ಕ್ಯಾಮ್ ಹಾಕಿಸಿ ಕ್ಯಾನ್ಸಾಸ್‌ನ ವಿಚಿಟಾ ಕಡೆಯವರೊಬ್ಬರಿಗೆ ಮಾರಿದೆ. ಅಲ್ಲಿ ಎತ್ತರ 1,300 ಅಡಿ, ಏರಿಳಿತವಿಲ್ಲದ ಬಯಲು. ಅದೇ ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಹಾಕಿಕೊಂಡು ಅವರು ಅದನ್ನು ಒಂದು ಕಮಾರೊದಲ್ಲಿ ಓಡಿಸುತ್ತಿದ್ದಾರೆ. ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದಾಗ, ಇಷ್ಟು ಒಳ್ಳೆಯ ಎಂಜಿನ್ನನ್ನು ಯಾಕೆ ಮಾರಿದಿರಿ ಎಂದು ಕೇಳಿದರು.