1780ರ ಟೋಪಿಗೆ ಯಾವ ಬಟ್ಟೆ: ಆರ್ಗಂಡಿ, ಮಲ್ಮಲ್, ಲಿನನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿನನ್‌ಗೆ.

ನಾನು ಕೈಯಲ್ಲಿ ಹೊಲಿದಿದ್ದು 1780ರ ಸುಮಾರಿಗೆ ಇಂಗ್ಲೆಂಡಿನ ಹೆಂಗಸರು ಹಾಕುತ್ತಿದ್ದಂಥ ಬಿಳಿ ಟೋಪಿ. ಹಿಂದೆ ಕೂದಲು ತುಂಬುವ ಉಬ್ಬಿದ ಚೀಲ, ಮುಂದೊಂದು ಪಟ್ಟಿ, ಪಟ್ಟಿಯ ಅಂಚಿಗೆ ನೆರಿಗೆ. ಅರ್ಧ ಮೀಟರ್ ಬಟ್ಟೆ ಸಾಕು.

ಆರ್ಗಂಡಿಯ, ಅಂದರೆ ತೆಳುವಾದರೂ ಗರಿಗರಿಯಾಗಿ ನಿಲ್ಲುವ ಬಟ್ಟೆಯ, ಕಥೆ ಚಿಕ್ಕದು. ಪ್ಯೂರ್ ಕಾಟನ್ ಅಂತ ಆನ್‌ಲೈನಲ್ಲಿ ಕೊಂಡಿದ್ದೆ. ಒಂದು ಎಳೆಗೆ ಬೆಂಕಿ ತೋರಿಸಿದರೆ ಬೂದಿ ಉದುರಲಿಲ್ಲ, ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್! ಆಮೇಲೆ ಅಸಲಿ ಕಾಟನ್ ಆರ್ಗಂಡಿಯೂ ಸಿಕ್ಕಿತು, ಆದರೆ ನೆರಿಗೆಗೆಂದು ಅದರ ಅಂಚು ಸುರುಳಿ ಸುತ್ತಿ ಬೆರಳು ತೆಗೆದರೆ ತಕ್ಷಣ ಬಿಚ್ಚಿಕೊಳ್ಳುತ್ತದೆ.

ಮಲ್ಮಲ್ ಅಂದರೆ ಮಸ್ಲಿನ್‌ನ ಒಂದು ಬಗೆ, ಅದನ್ನು ಹಾಕಿದರೆ ಇತಿಹಾಸಕ್ಕೆ ಮೋಸವೇನಿಲ್ಲ. ಇಂಗ್ಲೆಂಡಿನ 1721ರ ಕಾಯ್ದೆ ಅಚ್ಚು ಹಾಕಿದ ಹತ್ತಿ ಬಟ್ಟೆ ಉಡುವುದನ್ನು ತಡೆದರೂ ಮಸ್ಲಿನ್ ಅನ್ನು ಬಿಟ್ಟಿತ್ತು, ಬಂಗಾಳದ ಮಸ್ಲಿನ್ ಅಲ್ಲಿನ ಟೋಪಿಗಳಿಗೂ ಏರಿತ್ತು. ನಮ್ಮ ಅಂಗಡಿಯ ಮಲ್ಮಲ್ ಅಷ್ಟು ನಯ ಇರಲ್ಲ, ಆ ಮಾತು ಬೇರೆ. ಬೆಲೆಯಂತೂ ತುಂಬಾ ಕಡಿಮೆ.

ತಲೆನೋವು ಶುರುವಾಗುವುದು ನೆರಿಗೆಯ ಪಟ್ಟಿ ಕತ್ತರಿಸುವಾಗ. ಆ ಕಾಲದ ನೆರಿಗೆ ಮಾಡುವ ರೀತಿ ಹೀಗೆ: ಬಟ್ಟೆಯ ಕತ್ತರಿಸಿದ, ಇನ್ನೂ ಮಡಚದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಬತ್ತಿಯಂತೆ ಸಣ್ಣಗೆ ಹೊಸೆಯಬೇಕು, ಆ ಸುರುಳಿಯ ಸುತ್ತ ದಾರವನ್ನು ಓರೆಯಾಗಿ ಸುತ್ತುತ್ತಾ ಹೊಲಿಯಬೇಕು, ಒಂದೆರಡು ಇಂಚಾದ ಮೇಲೆ ದಾರ ಎಳೆದರೆ ಸುರುಳಿ ಸಣ್ಣ ಸಣ್ಣ ಉಬ್ಬುಗಳಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಒಂದೊಂದು ಉಬ್ಬಿಗೂ ಒಂದೊಂದು ಹೊಲಿಗೆ ಹಾಕಿ ಮುಂಪಟ್ಟಿಗೆ ಸೇರಿಸಬೇಕು.

ಇದಕ್ಕೆ ಅಂಚು ನೇರ ಇರಲೇಬೇಕು. ಮಲ್ಮಲ್ ಕತ್ತರಿಯ ಕೆಳಗೇ ಜಾರುತ್ತದೆ. ಎಳೆ ತೆಗೆದು ಗೆರೆ ಮಾಡೋಣ ಅಂದರೆ ಎಳೆ ನಾಲ್ಕು ಬೆರಳಷ್ಟು ಬಂದು ತುಂಡಾಗುತ್ತದೆ. ಅಂಚು ಡೊಂಕಾದರೆ ಸುರುಳಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ದಪ್ಪ ಇದ್ದಲ್ಲಿ ದಾರ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆದರೆ ಕಿತ್ತೇ ಹೋಗುತ್ತದೆ, ಅಲ್ಲಿಯವರೆಗೆ ಕೂಡಿಸಿದ್ದ ನೆರಿಗೆಯೆಲ್ಲ ಒಂದೇ ಕ್ಷಣದಲ್ಲಿ ಚಪ್ಪಟೆ. ರಾತ್ರಿ ಹನ್ನೊಂದಕ್ಕೆ ಹೀಗಾದರೆ ಯಾರಿಗೆ ಬೇಕು ಈ ಹವ್ಯಾಸ ಅನಿಸುತ್ತೆ ಅಲ್ವಾ?

ಲಿನನ್‌ನಲ್ಲಿ ಒಂದು ಎಳೆಯನ್ನು ಸೂಜಿಯಲ್ಲಿ ಎತ್ತಿ ಮೆಲ್ಲಗೆ ಎಳೆಯುತ್ತಾ ಹೋದರೆ ಬಟ್ಟೆಯ ಅಡ್ಡಕ್ಕೂ ಕೂದಲೆಳೆಯಂಥ ಖಾಲಿ ಗೆರೆ ಮೂಡುತ್ತದೆ. ಅದರ ಮೇಲೇ ಕತ್ತರಿ ಓಡಿಸಿ. ಬೆರಳು ಸ್ವಲ್ಪ ಒದ್ದೆ ಮಾಡಿಕೊಂಡು ಹೊಸೆದರೆ ಸುರುಳಿ ಹೇಳಿದಂತೆ ಕೇಳುತ್ತದೆ. ಷರ್ಟಿನ ಲಿನನ್ ಮಾತ್ರ ಬೇಡ, ದಪ್ಪ ಜಾಸ್ತಿ. ಕರವಸ್ತ್ರದ ತೆಳು ಲಿನನ್ ಕೇಳಿ, ಬೆಳಕಿಗೆ ಹಿಡಿದು ಗಂಟು ಕಡಿಮೆ ಇರುವುದನ್ನೇ ಆರಿಸಿ. ದಾರಕ್ಕೆ ಜೇನುಮೇಣ ಸವರಿಕೊಳ್ಳಿ.

ನಾನು ಟಿವಿ ಮುಂದೆ ಕೂತು ಅರೆಮನಸ್ಸಿನಲ್ಲಿ ಹೊಲಿಯುವವಳು. ಸುಮ್ನೆ ಜಗಳ ಆಡುವ ಬಟ್ಟೆ ನನಗೆ ಬೇಡ. ಹೇಗೂ ಅರ್ಧ ಮೀಟರ್ ತಾನೇ, ಮೂರು ಪಟ್ಟು ದುಡ್ಡು ಕೊಟ್ಟರೂ ಕೈ ಸುಡುವುದಿಲ್ಲ. ಮಲ್ಮಲ್ಲೇ ಇರುವುದು ಅಂದರೆ ಕತ್ತರಿಸುವ ಮುಂಚೆ ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಆಗ ಕತ್ತರಿಗೆ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ.