ಕೋಲಾರದ ಜನೌಷಧಿ ಅಂಗಡಿ: ಅಗ್ಗ ಹೌದು, ಸ್ಟಾಕ್ ಇದ್ದರೆ

ಅಮ್ಮನ ಶುಗರ್ ಮಾತ್ರೆಗೆ ನಾವು ಹೋಗುವುದು ಕೋಲಾರದ ಒಂದು ಜನೌಷಧಿ ಅಂಗಡಿಗೆ. ಬೆಲೆ ಬಗ್ಗೆ ಎರಡು ಮಾತಿಲ್ಲ, ಬೇರೆ ಮೆಡಿಕಲ್‌ಗಿಂತ ಅರ್ಧಕ್ಕೂ ಕಡಿಮೆ ಬೀಳುತ್ತದೆ. ಡಾಕ್ಟರ್ ಬರೆಯುವುದು ಕಂಪನಿ ಹೆಸರು, ಇಲ್ಲಿ ಸಿಗುವುದು ಔಷಧದ ಹೆಸರಿನಲ್ಲೇ, ಬರೀ ಮೆಟ್‌ಫಾರ್ಮಿನ್ ಅಂತ; ಕೌಂಟರ್ ಹುಡುಗ ಚೀಟಿ ನೋಡಿ, ಮೊಬೈಲ್‌ನಲ್ಲಿ ಹುಡುಕಿ, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು "500 ಎಂಜಿ, ಸರಿ ಇದೆ ನೋಡಿ ಅಕ್ಕ" ಅಂತ ತೋರಿಸಿಯೇ ಕೊಡುತ್ತಾನೆ. ಈ ತಾಳ್ಮೆ ಬೇರೆ ಕಡೆ ಕಾಣೆ. ತೊಂದರೆ ಸ್ಟಾಕ್‌ದು. ಬಿಪಿ ಮಾತ್ರೆ ಆಗಾಗ ಇರಲ್ಲ. "ಸೋಮವಾರ ಬನ್ನಿ" ಅಂತಾರೆ. ಬಿಪಿ ಸೋಮವಾರದವರೆಗೆ ಕಾಯುತ್ತಾ?

ಇನ್ನೊಂದು ವಿಷಯ. ಜನೌಷಧಿ ಕೇಂದ್ರ ಸರ್ಕಾರದ ಅಗ್ಗದ ಔಷಧ ಯೋಜನೆ, ಇದನ್ನು ಮೋದಿ ಶುರು ಮಾಡಿದ್ದು ಅಂದುಕೊಂಡವರೇ ಜಾಸ್ತಿ. ಶುರುವಾಗಿದ್ದು 2008ರಲ್ಲಿ, ಮನಮೋಹನ್ ಸಿಂಗ್ ಸರ್ಕಾರದಲ್ಲಿ, ಮೊದಲ ಅಂಗಡಿ ಅಮೃತಸರದಲ್ಲಿ. ಆಗ ಕುಂಟುತ್ತಾ ಸಾಗಿತ್ತು. ಆಮೇಲೆ ಬಂದವರು ಸುಮ್ನೆ ಮುಚ್ಚಿಬಿಡಲಿಲ್ಲ, ಹೆಸರಿನ ಮುಂದೆ ಪ್ರಧಾನಮಂತ್ರಿ ಸೇರಿಸಿದರು, ಹೊಸ ಬೋರ್ಡ್ ಹಾಕಿದರು, 2023ರ ನವೆಂಬರ್‌ಗೆ 10,000ನೇ ಅಂಗಡಿ ತೆರೆದರು. ಆಧಾರ್ ಕಥೆಯೂ ಇದೇ ಅಲ್ವಾ? ವಿರೋಧ ಪಕ್ಷದಲ್ಲಿದ್ದಾಗ ಬೈದಿದ್ದನ್ನೇ ಅಧಿಕಾರಕ್ಕೆ ಬಂದಮೇಲೆ ಗಟ್ಟಿ ಮಾಡಿದರು. ಬೋರ್ಡ್ ಯಾರದ್ದಾದರೂ ಇರಲಿ, ಅಮ್ಮನಿಗೆ ಮಾತ್ರೆ ಸಿಕ್ಕರೆ ಸಾಕು. ಆದರೆ 2025ರ ಮೇನಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಅಂಗಡಿ ಮುಚ್ಚಿ ಅಂದಿತು, ಅಲ್ಲಿ ಹೇಗೂ ಔಷಧ ಉಚಿತ ಅಂತ. ಉಚಿತ ಕೌಂಟರ್‌ನಲ್ಲಿ ಮಾತ್ರೆ ಖಾಲಿಯಾದರೆ ಎಲ್ಲಿಗೆ ಹೋಗಬೇಕು, ಅದನ್ನೂ ಹೇಳಬೇಕಿತ್ತು.

ಐದಕ್ಕೆ ನಾಲ್ಕು ಸ್ಟಾರ್. ಹೋಗುವ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳಿಕೊಳ್ಳಿ.