ಇಸವಿಗೊಂದು ಪೆನ್ನಿಯೋ, ದೊರೆಗೊಂದು ನಾಣ್ಯವೋ?

ಬ್ರಿಟನ್ನಿನ ಹಳೆಯ ನಾಣ್ಯಗಳನ್ನು ನಾನು ಎರಡು ಬಗೆಯಲ್ಲಿ ಕೂಡಿಸಿದ್ದೇನೆ. ಮೊದಲ ಹದಿನೈದು ವರ್ಷ ಇಸವಿಗಳ ಬೆನ್ನು ಹತ್ತಿದೆ. 1860ರಿಂದ 1967ರವರೆಗಿನ ಕಂಚಿನ ಪೆನ್ನಿಯನ್ನು ವರ್ಷಕ್ಕೊಂದರಂತೆ ಹುಡುಕುತ್ತ ಹೋದೆ. ಆಮೇಲೆ ಅದನ್ನು ಬದಿಗಿಟ್ಟು, ಒಬ್ಬೊಬ್ಬ ದೊರೆಯ ಕಾಲದ ಒಂದೊಂದು ವಿನ್ಯಾಸಕ್ಕೂ ಒಂದೇ ಒಂದು, ಆದರೆ ಸವೆಯದ ನಾಣ್ಯವನ್ನು ಆರಿಸಿಕೊಳ್ಳುವ ದಾರಿ ಹಿಡಿದೆ. ಯಾವುದು ಮೇಲು ಎಂದು ಹೊಸಬರು ಕೇಳಿದಾಗ ‘ನಿಮ್ಮಿಷ್ಟ’ ಎಂದು ಜಾರಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಮತ ಪೆನ್ನಿಗೆ.

ಪೆನ್ನಿಯ ಮೊದಲ ಗುಣವೆಂದರೆ ಅದು ಎಲ್ಲರ ಕೈಗೂ ಎಟುಕುತ್ತದೆ. ಪೌಂಡಿಗೆ 240 ಪೆನ್ನಿಗಳಿದ್ದ ಲೆಕ್ಕ 1971ರ ಫೆಬ್ರವರಿ 15ರಂದು ಕೊನೆಗೊಂಡಿತು. ಆ ವರ್ಷದ ಆಗಸ್ಟ್ ಕೊನೆಗೆ ಹಳೆಯ ಪೆನ್ನಿಯ ಚಲಾವಣೆ ನಿಂತಿತು. ಅಲ್ಲಿಯವರೆಗೂ ವಿಕ್ಟೋರಿಯಾ ರಾಣಿಯ ‘ಬನ್ ಪೆನ್ನಿ’, ಅಂದರೆ ತುರುಬು ಕಟ್ಟಿದ ಎಳೆಯ ಮುಖದ ಪೆನ್ನಿ, ಅಂಗಡಿಯ ಚಿಲ್ಲರೆಯಲ್ಲಿ ಓಡಾಡುತ್ತಿತ್ತು. ನೂರು ವರ್ಷ ಕಿಸೆಯಿಂದ ಕಿಸೆಗೆ ದಾಟಿದ ನಾಣ್ಯದಲ್ಲಿ ರಾಣಿಯ ಕಿವಿ, ತುರುಬಿನ ಗಂಟು ಎಲ್ಲ ನುಣ್ಣಗಾಗಿ ಬರಿಯ ನೆರಳು ಉಳಿದಿರುತ್ತದೆ. ಆ ಸವೆತ ನನಗೆ ಕುಂದಾಗಿ ಕಾಣುವುದಿಲ್ಲ.

ಎರಡನೆಯ ಗುಣ, ಅದು ಕಣ್ಣನ್ನು ಪಳಗಿಸುತ್ತದೆ. 1912ರ ಪೆನ್ನಿ ನನ್ನ ಬಳಿ ಏಳು ವರ್ಷ ಇತ್ತು. ಅದನ್ನು ಸಾಮಾನ್ಯ ನಾಣ್ಯವೆಂದೇ ತಿಳಿದಿದ್ದೆ. ಒಂದು ಸಂಜೆ ಮೇಜಿನ ದೀಪವನ್ನು ತಗ್ಗಿಸಿ, ಬೆಳಕು ಅಡ್ಡಲಾಗಿ ಬೀಳುವಂತೆ ಇಟ್ಟು ಭೂತಗನ್ನಡಿ ಹಿಡಿದೆ. ಇಸವಿಯ ಎಡಕ್ಕೆ, ಸಾಸಿವೆಗಿಂತ ಚಿಕ್ಕದಾಗಿ ‘ಎಚ್’ ಎಂಬ ಅಕ್ಷರ ಎದ್ದು ಬಂತು. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯ ಗುರುತು ಅದು. ಲಂಡನ್ನಿನ ರಾಜಟಂಕಸಾಲೆಗೆ ಕೆಲಸ ಮಿತಿಮೀರಿದಾಗ ಹೊರಗೆ ಟಂಕಿಸಿದ ಪೆನ್ನಿಗಳಿವು. 1918 ಮತ್ತು 1919ರಲ್ಲಿ ಇದರ ಜೊತೆಗೆ ಕಿಂಗ್ಸ್ ನಾರ್ಟನ್ ಕಂಪನಿಯ ‘ಕೆಎನ್’ ಗುರುತೂ ಸಿಗುತ್ತದೆ. ದೊರೆಗೊಂದು ನಾಣ್ಯ ಸಾಕು ಎನ್ನುವವನು ಈ ಅಕ್ಷರವನ್ನು ಹುಡುಕುವ ಪ್ರಮೇಯವೇ ಬರುವುದಿಲ್ಲ.

ಖಾಲಿ ಬಿಟ್ಟ ವರ್ಷಗಳೂ ಮಾತನಾಡುತ್ತವೆ. 1923, 1924, 1925ರ ಪೆನ್ನಿ ಇಲ್ಲ. 1941ರಿಂದ 1943ರವರೆಗೂ ಇಲ್ಲ. 1933ರಲ್ಲಿ ಬ್ಯಾಂಕುಗಳಲ್ಲಿ ಸಾಕಷ್ಟು ಪೆನ್ನಿಗಳಿದ್ದುದರಿಂದ ಚಲಾವಣೆಗೆಂದು ಟಂಕಿಸಲೇ ಇಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಡಲೆಂದು, ಸಂಗ್ರಹಾಲಯಗಳಿಗೆಂದು ಮಾಡಿದ ಬೆರಳೆಣಿಕೆಯಷ್ಟು ಮಾತ್ರ ಇವೆ. ಅದು ನಮ್ಮಂಥವರಿಗೆ ದಕ್ಕುವುದಲ್ಲ. 1951ರದು ಒಟ್ಟು 1,20,000 ಮಾತ್ರ. ಅವು ಬರ್ಮುಡಾಕ್ಕೆ ಹೋದದ್ದರಿಂದ ಅದಕ್ಕಾಗಿ ನಾನು ಬಹುಕಾಲ ಕಾದೆ. ಪಟ್ಟಿ ಎಂದಿಗೂ ಪೂರ್ತಿಯಾಗದೆಂಬುದು ಗೊತ್ತಾದಾಗಲೇ ಬೇಸತ್ತು ಎರಡನೆಯ ದಾರಿಗೆ ಹೊರಳಿದ್ದು.

ಆ ದಾರಿಯ ಸೊಗಸನ್ನು ಹಾಫ್ ಕ್ರೌನ್ ತೋರಿಸಿಕೊಟ್ಟಿತು. ಎರಡು ಷಿಲ್ಲಿಂಗ್ ಆರು ಪೆನ್ಸ್ (ಷಿಲ್ಲಿಂಗಿಗೆ ಹನ್ನೆರಡು ಪೆನ್ನಿ) ಬೆಲೆಯ ಈ ದೊಡ್ಡ ನಾಣ್ಯಗಳಲ್ಲಿ 1919, 1921, 1947ರ ಮೂರನ್ನು ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ. ತಂಪಾದ, ಮೆತ್ತನೆಯ ಬಿಳುಪು. ಬೆಳ್ಳಿಯ ಬೆಲೆ ಏರಿ 1920ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ಎರಡನೆಯದರ ಎತ್ತರದ ಭಾಗಗಳಲ್ಲಿ, ದೊರೆಯ ಕೆನ್ನೆಯ ಮೇಲೆ, ಹಳದಿ ಮಾಸಲು ಕಾಣುತ್ತದೆ. ಮೂರನೆಯದು ಬರಿಯ ತಾಮ್ರ-ನಿಕ್ಕಲ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಎರವಲು ತಂದ ಬೆಳ್ಳಿಯನ್ನು ಹಿಂದಿರುಗಿಸಬೇಕಿತ್ತಲ್ಲ. ಎರಡು ಯುದ್ಧಗಳು ಒಂದು ದೇಶದ ಬೊಕ್ಕಸಕ್ಕೆ ಏನು ಮಾಡಿದವೆಂಬುದು ಮೂರು ಬಿಲ್ಲೆಗಳಲ್ಲಿ ಕಂಡಿತು. ಆರನೆಯ ಜಾರ್ಜ್‌ನ ನಾಣ್ಯಗಳಲ್ಲಿ ‘ಇಂಡ್ ಇಂಪ್’, ಅಂದರೆ ಭಾರತದ ಚಕ್ರವರ್ತಿ ಎಂಬ ಬಿರುದು 1949ರಿಂದ ಮಾಯವಾದುದನ್ನು ನೋಡಿದ ದಿನ ನಾನು ಬಿರುದು ಇದ್ದ ಒಂದು, ಇಲ್ಲದ ಒಂದು, ಆ ಎರಡು ನಾಣ್ಯಗಳನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಆದರೂ ಈ ದಾರಿ ನನಗೆ ಬೇಗ ಮುಗಿಯಿತು. ಪೆನ್ನಿಯೊಂದರಲ್ಲೇ ಹತ್ತರೊಳಗೆ ವಿನ್ಯಾಸಗಳು. ಷಿಲ್ಲಿಂಗ್, ಫ್ಲಾರಿನ್, ಫಾರ್ದಿಂಗ್‌ನಂಥ ಬೇರೆ ಹಳೆಯ ನಾಣ್ಯಗಳನ್ನು ಸೇರಿಸಿದರೂ ಉಳಿಯುವುದು ದುಬಾರಿಯವು ಮಾತ್ರ. ಆಗ ಹುಡುಕಾಟ ಹೋಗಿ ಹಣ ಕೂಡಿಡುವುದಷ್ಟೇ ಕೆಲಸವಾಗುತ್ತದೆ. ನಡುವೆ ಸಾವರಿನ್ ಎಂಬ ಚಿನ್ನದ ನಾಣ್ಯ ಎರಡನ್ನು ಕೊಂಡಿದ್ದೆ. ದಿನವೂ ಚಿನ್ನದ ದರ ನೋಡುವ ಚಟ ಹತ್ತಿತು, ಮಾರಿಬಿಟ್ಟೆ.

ಕಾಪಿಡುವ ವಿಷಯದಲ್ಲಿ ಎರಡನೆಯ ದಾರಿಯೇ ಗೆದ್ದಿತೆಂದು ಒಪ್ಪುತ್ತೇನೆ. ಕೆಲವೇ ನಾಣ್ಯಗಳಿದ್ದರೆ ಒಂದೊಂದಕ್ಕೂ ಗಟ್ಟಿ ಡಬ್ಬಿ ಕೊಡಬಹುದು. ತೊಂಬತ್ತು ಪೆನ್ನಿಗಳನ್ನು ನಾನು ಅಗ್ಗದ ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಮ್ಮಿನಲ್ಲಿ ತುಂಬಿಟ್ಟಿದ್ದೆ. ಕೆಲವು ವರ್ಷಗಳ ನಂತರ ತೆರೆದಾಗ ಹನ್ನೊಂದು ಪೆನ್ನಿಗಳ ಮೇಲೆ ಹಸಿರು ಅಂಟು ಹರಡಿತ್ತು. ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದಾಗ ಅಂಟು ಹೋಯಿತು, ಕಿಲುಬು ಕೊರೆದ ಕಲೆ ಉಳಿಯಿತು. ಅದಕ್ಕೂ ಮೊದಲು ಒಂದನ್ನು ನಿಂಬೆ ರಸದಲ್ಲಿ ತೊಳೆದು, ನೂರು ವರ್ಷ ಕೂಡಿದ ಕಂದು ಹೊಳಪನ್ನು ಒಂದು ನಿಮಿಷದಲ್ಲಿ ಕಳೆದಿದ್ದೆ. ಈಗ ಪಿವಿಸಿ ಇಲ್ಲದ ಹೊದಿಕೆಗಳಲ್ಲಿ ಇಡುತ್ತೇನೆ, ಯಾವುದನ್ನೂ ತೊಳೆಯುವುದಿಲ್ಲ.

ಹೊಸದಾಗಿ ತೊಡಗುವವರು 1860ರಿಂದ ಹೊರಡಬೇಡಿ. 1869ರಂಥ ವಿರಳ ಇಸವಿಗಳು ಆರಂಭದಲ್ಲೇ ಎದೆಗುಂದಿಸುತ್ತವೆ. ಐದನೆಯ ಜಾರ್ಜ್‌ನ 1911ರಿಂದ 1936ರವರೆಗಿನ ಪೆನ್ನಿಗಳನ್ನು ಹಿಡಿಯಿರಿ. ಖಾಲಿ ವರ್ಷಗಳು, ಹೊರಗಿನ ಟಂಕಸಾಲೆಯ ಗುರುತುಗಳು, ನಡುವೆ ಬದಲಾದ ದೊರೆಯ ಮುಖ ಎಲ್ಲವೂ ಅದರಲ್ಲಿವೆ. ನಾನು ಆ ಸಾಲಿಗೇ ಮರಳಿದ್ದೇನೆ. 1918ರ ‘ಕೆಎನ್’ ಹೋದ ಚಳಿಗಾಲದಲ್ಲಿ ಸಿಕ್ಕಿತು. 1919ರ ‘ಕೆಎನ್’ ಜಾಗ ಇನ್ನೂ ಖಾಲಿ ಇದೆ.